ಹಂಚಿನಮನಿ ಸರ್ ಹಾಕಿದ ಹಾಜರಿ

ಟಿವಿಯೊಳಗಿನ ಹುಡುಗರಿಗೆ ಹಾಜರಿ ಹಾಕುವ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ನಾನು ಒಂದು ವರ್ಷ ದಿನಾ ನೋಡಿದ್ದೇನೆ. ಶಹಾಪುರದ ಹಂಚಿನಮನಿ ಸರ್ ಸಂಜೆ ಆರೂವರೆಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚಷ್ಮಾ ಏರಿಸಿ, ತೊಡೆಯ ಮೇಲೆ ಹಾಜರಿ ಪುಸ್ತಕ ಬಿಚ್ಚಿಕೊಂಡು ಟಿವಿ ಮುಂದೆ ಕೂಡುತ್ತಿದ್ದರು. ಯಾವುದೋ ದೂರದೇಶದ ಹೈಸ್ಕೂಲು, ಅಲ್ಲಿ ಹಾಡುವ ತಂಡದ ಹನ್ನೆರಡು ಮಕ್ಕಳ ಧಾರಾವಾಹಿ. ಅವರು ನಡೆಯುತ್ತ ಹಾಡುತ್ತಾರೆ, ಜಗಳಾಡಿ ಹಾಡುತ್ತಾರೆ, ಊಟದ ಡಬ್ಬಿ ಬಿಚ್ಚಿದರೂ ಹಾಡುತ್ತಾರೆ. ಪಾಠ ಮಾತ್ರ ಯಾರೂ ಕಲಿಯುವುದಿಲ್ಲ.

ಇದೇ ಸರ್ ಖಾನಾಪುರದಲ್ಲಿ ನಮಗೆ ಗಣಿತ ಕಲಿಸಿದವರು. ವರಾಂಡದಲ್ಲಿ ಯಾರಾದರೂ ಗುನುಗಿದರೆ ಒಂದು ತಾಸು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮಹಾನುಭಾವರು. ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಶಾಲೆಯ ಗ್ಯಾದರಿಂಗಿನ, ಅಂದರೆ ವಾರ್ಷಿಕೋತ್ಸವದ, ಗುಂಪುಗಾಯನಕ್ಕೆ ನಾನು ತಿಂಗಳುಗಟ್ಟಲೆ ತಯಾರಿ ಮಾಡಿದ್ದೆ. ಉಡಲು ಅವ್ವನ ಇಳಕಲ್ ಸೀರೆ ತೆಗೆದಿಟ್ಟಿದ್ದೆ. ಹಿಂದಿನ ದಿನ ಸರ್ ಹಾಡುವವರ ಯಾದಿಯಲ್ಲಿ ನನ್ನ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು.

"ಗಣಿತದಾಗ ಹನ್ನೊಂದು ಮಾರ್ಕ್ಸ್ ತಗೊಂಡಿ. ಹಾಡಿದ್ರ ಪಾಸ್ ಆಗ್ತಿಯೇನ?"

ಅಂದಿನಿಂದ ನಾನು ಬಚ್ಚಲುಮನೆಯಲ್ಲೂ ಹಾಡಿಲ್ಲ. ಪಾಸಂತೂ ಆದೆ, ಕಾಪಿ ಹೊಡೆದು.

ಈಗ ಸರ್‌ಗೆ ಆ ಪರದೇಶದ ಇಂಗ್ಲಿಷು ಕಿವಿಗೆ ಹತ್ತುತ್ತಿರಲಿಲ್ಲ, ಪರದೆಯ ಅಡಿಯಲ್ಲಿ ಮೂಡುವ ಅಕ್ಷರ ಕಣ್ಣಿಗೆ ಕಾಣುತ್ತಿರಲಿಲ್ಲ. ಆಫೀಸು ಮುಗಿಸಿ ಪಕ್ಕದ ಖಾಸಬಾಗದ ನನ್ನ ಮನೆಗೆ ಹೊರಟಿದ್ದ ನನ್ನನ್ನು ಒಂದು ಸಂಜೆ ದಾರಿಯಲ್ಲಿ ಹಿಡಿದರು. "ಸುನಂದಾ, ಸಾಲಿ ಸುರು ಆಗ್ತೈತಿ. ಲಗೂನ ಬಂದು ಓದಿ ಹೇಳು." ಅಷ್ಟೇ, ನನ್ನ ನೇಮಕಾತಿ ಆಗಿಹೋಯಿತು. ಬಾಜು ಮನೆಯ ಮಗ್ಗದ ಖಟಖಟದ ಮೇಲೆ ಕೂಗಿ ನಾನು ಕನ್ನಡದಲ್ಲಿ ಹೇಳಬೇಕು, ಅವರು ಹಾಜರಿ ಹಾಕಬೇಕು. ಅವರ ಹೆಂಡತಿ ಗಂಗಕ್ಕನ ಚಹಾಕ್ಕಾಗಿ ಹೋಗುತ್ತೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಖರೇ ಎಂದರೆ, ಆ ಕೆಂಪು ಗೆರೆಯ ಬಗ್ಗೆ ಅವರ ಬಾಯಿಂದ ಒಂದು ಮಾತು ಬೇಕಿತ್ತು.

ತಂಡದ ಹಿಂದಿನ ಸಾಲಿನಲ್ಲಿ ನಿಲ್ಲುವ ಕೆಂಗೂದಲಿನ ಹುಡುಗಿಯೊಬ್ಬಳು ಸರ್‌ಗೆ ಅಚ್ಚುಮೆಚ್ಚು. ಅವಳನ್ನು ತೋರಿಸದ ದಿನವೂ ಅವಳ ಹೆಸರಿನ ಮುಂದೆ 'ಹಾ' ಎಂದು ಬರೆಯುತ್ತಿದ್ದರು. "ಕಾಣಲಿಲ್ಲ ಅಂದ್ರ ಬಂದಿಲ್ಲ ಅಂತೇನ? ಹಿಂದ ನಿಂತಿರ್ತಾಳ." ನಮಗೆ ಎರಡು ನಿಮಿಷ ತಡವಾದರೆ ಗೈರು ಹಾಕುತ್ತಿದ್ದ ಕೈ ಅದು.

ಒಂದು ಸಂಜೆ ಆ ಹುಡುಗಿ ಗಣಿತದಲ್ಲಿ ನಪಾಸಾದಳು. ಅಲ್ಲಿಯ ಹೆಡ್‌ಮಾಸ್ತರು ಅವಳನ್ನು ಹಾಡಿನ ಸ್ಪರ್ಧೆಯಿಂದ ತೆಗೆದರು. ಸರ್ ಕುರ್ಚಿಯಿಂದ ಎದ್ದೇಬಿಟ್ಟರು.

"ಹಾಡಾಕ ಗಣಿತ ಯಾಕ ಬೇಕೋ ಶಾಣ್ಯಾ? ಎಷ್ಟು ತಯಾರಿ ಮಾಡಿತ್ತು ಹುಡುಗಿ."

ನಾನು ಓದುವುದನ್ನು ನಿಲ್ಲಿಸಿದೆ. "ಸರ್, ಖಾನಾಪುರದ ಗ್ಯಾದರಿಂಗ್ ನೆನಪೈತೇನ್ರಿ?"

ಸರ್ ಚಷ್ಮಾ ತೆಗೆದು ಬಹಳ ಹೊತ್ತು ಒರೆಸಿದರು. "ಅದು ಬ್ಯಾರೆ. ಇವರ ಸಿಲೆಬಸ್ ಬ್ಯಾರೆ ಇರ್ತೈತಿ."

ನನಗೆ ಅಳು ಬರುವಷ್ಟು ಸಿಟ್ಟು ಬಂತು. ಚಹಾ ಅಲ್ಲೇ ಬಿಟ್ಟು ಬಂದೆ. ಒಂದು ವಾರ ಆ ಓಣಿಗೆ ಕಾಲಿಡಲಿಲ್ಲ. ಎಂಟನೆಯ ದಿನ ಹೋಗಲೇಬೇಕಾಯಿತು, ಸರ್ ತೀರಿಕೊಂಡಿದ್ದರು.

ಕಾರ್ಯವೆಲ್ಲ ಮುಗಿದ ಮೇಲೆ ಗಂಗಕ್ಕ ಹಾಜರಿ ಪುಸ್ತಕ ನನ್ನ ಕೈಗಿಟ್ಟರು. "ಕಡೀ ಎರಡು ಎಪಿಸೋಡ್ ಉಳದಾವಂತ, ರೆಕಾರ್ಡ್ ಆಗಿ ಕುಂತಾವ. ಸುನಂದಾ ಬಂದ್ರ ತುಂಬಾಕ ಹೇಳು ಅಂದಿದ್ರವಾ."

ಬಿಚ್ಚಿ ನೋಡಿದೆ. ಹನ್ನೆರಡು ಹೆಸರುಗಳ ಕೆಳಗೆ ಹದಿಮೂರನೆಯದು, ನಡುಗುವ ಅಕ್ಷರದಲ್ಲಿ, ನನ್ನದು. ನಾನು ಹೋಗದ ಆ ವಾರವೂ ಪ್ರತಿ ದಿನಕ್ಕೆ 'ಹಾ'. ಷರಾದ ಕಾಲಮ್ಮಿನಲ್ಲಿ ಕೆಂಪು ಶಾಯಿಯಲ್ಲಿ: "ಗುಂಪುಗಾಯನದಿಂದ ತೆಗೆದದ್ದು ತಪ್ಪು."

"ಏನ್ ಬರದಾರ?" ಅಂದರು ಗಂಗಕ್ಕ. ಓದಿ ಹೇಳಿದೆ.

"ಬಾಯಿಲೆ ಹೇಳಾಕ ಏನಾಗಿತ್ತಂತ ಇವರಿಗೆ?"

ನಾನು ಕಣ್ಣೊರೆಸಿಕೊಂಡು ಟಿವಿ ಹಚ್ಚಿದೆ. ಹದಿಮೂರು ಮಂದಿಗೂ ಹಾಜರಿ ಹಾಕಿದೆ. ಎಲ್ಲರೂ ಸೇರಿ ಹಾಡತೊಡಗಿದಾಗ ನಾನೂ ದನಿಗೂಡಿಸಿದೆ. ಶ್ರುತಿ ಎಲ್ಲೋ, ನಾನೆಲ್ಲೋ. ಅದಕ್ಕೂ ಸರ್ ಅವರೇ ಹೊಣೆ.