ಅಂಚೆಯಣ್ಣನ ನಾಲ್ಕು ದಿನದ ಗಡ್ಡ

ಕುಡಿತದಿಂದ ಕೈ ನಡುಗಿ ಗಿರಾಕಿಯೊಬ್ಬರ ಕೆನ್ನೆ ಕುಯ್ದ ದಿನವೇ ಕ್ಷೌರಿಕ ತನ್ನ ಕತ್ತಿಯನ್ನು ಹೆಂಡತಿಯ ಕೈಗೆ ಕೊಟ್ಟುಬಿಟ್ಟಿದ್ದ. ಅಂದಿನಿಂದ ಅವನ ಅಂಗಡಿಯಲ್ಲಿ ಕತ್ತರಿಯ ಕೆಲಸ ಮಾತ್ರ. ಕುಡಿತ ಬಿಟ್ಟವರು ಭಾನುವಾರದ ಬೆಳಗ್ಗೆ ವಾಚನಾಲಯದ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದ ಸಭೆಯನ್ನು ಅವನು ಒಂದು ವಾರವೂ ತಪ್ಪಿಸಲಿಲ್ಲ.

ವರ್ಷ ತುಂಬಿದ ದಿನ ಸಭೆಯಲ್ಲಿ ಎದ್ದು ನಿಂತು, "ಒಂದು ವರ್ಷದಿಂದ ಮುಟ್ಟಿಲ್ಲ. ಆದ್ರೆ ಕತ್ತಿ ಹಿಡಿಯೋಕೆ ಇನ್ನೂ ಧೈರ್ಯ ಬರ್ತಿಲ್ಲ" ಎಂದ.

ಹನ್ನೆರಡು ವರ್ಷಗಳ ಹಿಂದೆ ಕುಡಿತ ಬಿಟ್ಟಿದ್ದ ನಿವೃತ್ತ ಅಂಚೆಯಣ್ಣ ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು ಕುಳಿತರು.

"ನಾಲ್ಕು ದಿನದಿಂದ ಗಡ್ಡ ಬಿಟ್ಟಿರೋದು ಯಾಕೆ ಅನ್ಕೊಂಡೆ? ಶುರು ಮಾಡು."

"ಕೈ ನಡುಗಿದ್ರೆ ಅಣ್ಣಾ?"

"ಇನ್ನೊಂದು ಕೆನ್ನೆ ಇದೆಯಲ್ಲೋ!"

ಎಲ್ಲರೂ ಗೊಳ್ಳೆಂದು ನಕ್ಕರು. ಬಾಗಿಲಲ್ಲಿ ನಿಂತಿದ್ದ ಕ್ಷೌರಿಕನ ಹೆಂಡತಿ ಮಾತ್ರ ನಗದೆ ಕೈಚೀಲ ಬಿಚ್ಚಿದಳು. "ಸೋಪು, ಬ್ರಷ್ಷು, ಕತ್ತಿ ಎಲ್ಲಾ ತಂದಿದೀನಿ. ಅಣ್ಣ ಮೊನ್ನೇನೇ ಹೇಳಿದ್ರು."

ಕತ್ತಿ ಕಿವಿಯ ಬುಡದಿಂದ ಗಲ್ಲಕ್ಕೆ ಇಳಿಯಿತು. ಗಂಟಲಿನ ಉಬ್ಬನ್ನೂ ಮೆಲ್ಲಗೆ ಹತ್ತಿ ಇಳಿಯಿತು. ಕೋಣೆಯಲ್ಲಿ ಅದರ ಸರಸರ ಸದ್ದೊಂದೇ. ಕೊನೆಗೆ ಟವೆಲಿನ ಮೇಲೆ ಬಿಳಿ ನೊರೆಯಿತ್ತು, ಕೆಂಪು ಹನಿ ಒಂದೂ ಇರಲಿಲ್ಲ.

ಅಂಚೆಯಣ್ಣ ಕೆನ್ನೆ ಸವರಿಕೊಂಡರು. "ಯಾರೋ ಹುಡುಗ ಬಂದ ಅಂತ ನಮ್ಮನೆಯವಳು ಬಾಗಿಲೇ ತೆಗೆಯಲ್ವೇನೋ!"

ಹೆಂಡತಿ ಈಗ ನಕ್ಕಳು. ಕ್ಷೌರಿಕ ಟವೆಲನ್ನು ಫಟ್ಟೆಂದು ಕೊಡವಿ, ವರ್ಷದಿಂದ ಯಾರೂ ಕೇಳದಿದ್ದ ತನ್ನ ಅಂಗಡಿಯ ಗಟ್ಟಿ ದನಿಯಲ್ಲಿ ಕೂಗಿದ: "ಮುಂದಿನವರು ಬನ್ನಿ!"