ಸೊಸೆಯ ಸಲುವಾಗಿ ಹಾಕಿಸಿದ ಹಿಡಿಕೆ

ಆಳಂದದ ನಮ್ಮ ಮನೆಯ ಬಚ್ಚಲಿಗೆ ಸ್ಟೀಲಿನ ಹಿಡಿಕೆ ಹಾಕಿಸೋಣವೆಂದು ನಾನು ಹೇಳಿದ್ದು ಅತ್ತೆಯ ಸಲುವಾಗಿ. ಅವರಿಗೆ ಎಂಬತ್ತರ ಹತ್ತಿರದ ವಯಸ್ಸು. ಕಾಲಡಿ ನುಣ್ಣನೆಯ ಫರಸಿ ಕಲ್ಲು. ಅವರು ಒಪ್ಪಲಿಲ್ಲ.

"ಬಸ್ಸಿನ್ಯಾಗ ನಿಂತಂಗ ಕಂಬಿ ಹಿಡಕೊಂಡು ಜಳಕ ಮಾಡ್ಲೇನ್ ಬೇ? ನಾನೇನ್ ಮುದುಕಿ ಆಗೇನೇನು?"

ಬಿದ್ದದ್ದು ನಾನು. ಒಂದು ಬೆಳಿಗ್ಗೆ ಬಟ್ಟೆ ಒಗೆದು, ಸವೆದ ಹವಾಯಿ ಚಪ್ಪಲಿಯಲ್ಲಿ, ತುಂಬಿದ ಬಕೆಟ್ ಹಿಡಿದು ಸೋಪಿನ ನೀರಿನ ಮೇಲೆ ಅವಸರದಿಂದ ತಿರುಗಿದೆ. ಬಕೆಟ್ ಒಂದು ಕಡೆ, ನಾನೊಂದು ಕಡೆ. ಸಪ್ಪಳ ಕೇಳಿ ಅತ್ತೆ ಬಂದರು. ನಾನು ಏಳಲು ಹೋದರೆ ಬಿಡಲಿಲ್ಲ.

"ಗಡಿಬಿಡಿ ಮಾಡಬ್ಯಾಡ. ಎಲ್ಲಿ ನೋಯಾಕತ್ತದ, ಅದನ್ನ ಹೇಳು ಮೊದ್ಲ."

ಪಾದ ಉಳುಕಿತ್ತು, ಮೂಳೆ ಗಟ್ಟಿಯಿತ್ತು. ಡಾಕ್ಟರು ಹಾಗೆಂದ ಮೇಲೆ ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

ಮರುದಿನವೇ ಅವರೇ ಮಿಸ್ತ್ರಿಯನ್ನು ಕರೆಸಿದರು. "ನಮ್ಮ ಸೊಸಿ ಬೀಳ್ತಾಳ್ರಿ, ಗೋಡಿಗೆ ಒಂದ್ ಹಿಡಿಕಿ ಹಾಕ್ರಿ." ಎತ್ತರ ಎಷ್ಟಿರಬೇಕೆಂದು ಅವನು ಕೇಳಿದಾಗ ತಾವೇ ಗೋಡೆಯ ಪಕ್ಕ ನಿಂತು ಕೈಯಿಟ್ಟು ತೋರಿಸಿದರು. ಅತ್ತೆ ಗಿಡ್ಡ, ನಾನು ಉದ್ದ. ಇಂದಿಗೂ ಅದನ್ನು ಹಿಡಿಯಲು ನಾನು ಬಗ್ಗಬೇಕು.

ಊತ ಇಳಿದ ಮೇಲೆ ಕಲಬುರಗಿಯಲ್ಲಿ ಫಿಜಿಯೋಥೆರಪಿ ಮಾಡುವವರು, ಭಾರವಾದ ಮೇಜು ಹಿಡಿದು ಒಂಟಿಕಾಲಲ್ಲಿ ನಿಲ್ಲುವುದನ್ನು ಹೇಳಿಕೊಟ್ಟರು. ಮಧ್ಯಾಹ್ನ ಊಟದ ಮೇಜಿನ ಬಳಿ ನಾನು ನಿಂತರೆ ಅತ್ತೆ ಕುರ್ಚಿಯಿಂದಲೇ ನೋಡುತ್ತಿದ್ದರು.

"ಕೊಕ್ಕರಿಯಂಗ ಯಾಕ ನಿಂತಿ?"

"ಕಾಲಿಗೆ ಬಲ ಬರ್ತದಂತ್ರಿ. ನೀವೂ ಬರ್ರಿ."

"ಒಲ್ಲೆ," ಎಂದವರು ನಾಲ್ಕೈದು ದಿನಕ್ಕೆ ಎದ್ದು ಬಂದರು. "ಸ್ವಲ್ಪ ಅತ್ತಾಗ ಸರಿ. ಒಬ್ಬಾಕೀನ ನಿಂತ್ರ ನಿನಗ ಬ್ಯಾಸರಾಗ್ತದ." ಎರಡೂ ಕೈಯಿಂದ ಮೇಜನ್ನು ಭದ್ರವಾಗಿ ಹಿಡಿದು, ಒಂದು ಕಾಲನ್ನು ನೆಲದಿಂದ ತುಸುವೇ ಎತ್ತಿ, ನನ್ನತ್ತ ಓರೆಗಣ್ಣಲ್ಲಿ ನೋಡಿದರು. ಅಂದಿನಿಂದ ಯಾರ ಕಾಲು ಮೊದಲು ನೆಲಕ್ಕೆ ತಾಗುತ್ತದೋ ಅವರೇ ಚಹಾ ಮಾಡಬೇಕು. ಸೋತರೆ ಅವರು ಒಪ್ಪುವವರಲ್ಲ. ಚಹಾ ಬಹುತೇಕ ನನ್ನ ಪಾಲಿಗೇ ಬರುತ್ತದೆ.

ಮೊನ್ನೆ ಘತ್ತರಗಿಗೆ ಹೋಗಿದ್ದೆವು. ದೇವಿಯ ದರ್ಶನ ಮುಗಿಸಿ ಭೀಮಾ ನದಿಯತ್ತ ಇಳಿಯುವಾಗ ಅತ್ತೆ ತೋಳು ಚಾಚಿದರು. "ಹಿಡಕೋ. ಮೆಟ್ಟಲಾ ಹಸಿ ಅದಾವ."

ಹಿಡಿದುಕೊಂಡೆ. ಅವರ ಅರ್ಧ ಭಾರ ನನ್ನ ಮೇಲಿತ್ತು, ನನ್ನದೂ ಸ್ವಲ್ಪ ಅವರ ಮೇಲಿತ್ತು. ಹಿಂದಿನವರಿಗೆ ದಾರಿ ಬಿಟ್ಟುಕೊಡುತ್ತ ನಿಧಾನವಾಗಿ ಇಳಿದು, ಕೆಳಗಿನ ಮೆಟ್ಟಿಲಲ್ಲಿ ಕುಳಿತು ನೀರಿಗೆ ಕಾಲು ಬಿಟ್ಟೆವು.