ಒಂದು ಹರಳು ಉಪ್ಪು ಕಮ್ಮಿ

ದಾನಿಯೇಲ ಕಾಕಾ ಅಡುಗೆಯನ್ನು ಕಿವಿಯಿಂದ ನೋಡುತ್ತಿದ್ದರು. ಹತ್ತಕ್ಕೊಮ್ಮೆ, ಹನ್ನೆರಡಕ್ಕೊಮ್ಮೆ, ಎರಡಕ್ಕೊಮ್ಮೆ ವಾಕರ್ ತಳ್ಳಿಕೊಂಡು ಅಡುಗೆಮನೆಗೆ ಬರುವರು. ಸ್ವೆಟರಿನ ಜೇಬಿನಿಂದ ಮರದ ಹಿಡಿಕೆಯ ಹಳೆಯ ಸ್ಕ್ರೂಡ್ರೈವರ್ ತೆಗೆದು, ಅದರ ತುದಿಯನ್ನು ಕರೆಂಟಿನ ಸ್ಲೋ ಕುಕ್ಕರಿನ ಹೊಟ್ಟೆಗೆ ಮುಟ್ಟಿಸಿ, ಹಿಡಿಕೆಯನ್ನು ಬಲಗಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುವರು. ಹುಬ್ಬಳ್ಳಿಯ ರೇಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೈದು ವರ್ಷ ಫಿಟ್ಟರ್ ಆಗಿದ್ದವರು. ಮಷೀನಿನ ಒಳಗೆ ಯಾವ ಬೇರಿಂಗು ಸವೆದಿದೆ ಎಂಬುದನ್ನು ಹೀಗೆ ಕೇಳಿಯೇ ಹೇಳುತ್ತಿದ್ದರಂತೆ.

"ಗುಳುಗುಳು ಅನ್ನಾಕತ್ತೈತಿ," ಎನ್ನುವರು. "ಮಾಂಸ ಮೆತ್ತಗಾಗೇತಿ. ಬಟಾಟಿ ಇನ್ನೂ ಬಿರುಸು ಅದಾವು. ಮುಚ್ಚಳಾ ಮುಟ್ಟಬ್ಯಾಡ ಮತ್ತ!"

ಆ ಕೊನೆಯ ಮಾತು ನನಗೆ. ನಾನು ಹುಟ್ಟಾ ಪುಕ್ಕಲಿ. ಬೀಗ ಹಾಕಿದ ಬಾಗಿಲನ್ನು ಮೂರು ಸಲ ಜಗ್ಗಿ ನೋಡುವವಳು. ಎಂಟು ತಾಸು ಮುಚ್ಚಳ ತೆಗೆಯದೆ ಬೇಯಿಸಬೇಕಾದ ಪಾತ್ರೆಯ ಎದುರಿಗೆ ನನ್ನಂಥವಳನ್ನು ನಿಲ್ಲಿಸಿದ ದೇವರಿಗೆ ಸ್ವಲ್ಪ ಚೇಷ್ಟೆಯ ಬುದ್ಧಿ ಇದ್ದಿರಬೇಕು.

2016ರ ಅಕ್ಟೋಬರಿನಲ್ಲಿ ಕಾಕಾರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಪರದೇಶಕ್ಕೆ ಬಂದ ನಾವು ಗಂಡ ಹೆಂಡತಿ ಬ್ರ್ಯಾಂಪ್ಟನ್ನಿನ ಬೇಸ್‌ಮೆಂಟೊಂದರಲ್ಲಿದ್ದೆವು. ಅವರಿಗೆ ವೇರ್‌ಹೌಸಿನಲ್ಲಿ ಶಿಫ್ಟು, ನನಗೆ ವೃದ್ಧರ ಆರೈಕೆಯ ಕೋರ್ಸು ಮುಗಿದು ಮೂರು ತಿಂಗಳಾದರೂ ಕೆಲಸವಿಲ್ಲ. ಹತ್ತಿರದ ಎಟೋಬಿಕೋಕಿನಲ್ಲಿ ಒಂದಂತಸ್ತಿನ ಹಳೆಯ ಮನೆಯಲ್ಲಿ ಅಪ್ಪನೊಂದಿಗಿದ್ದ ಕಾಕಾರ ಮಗಳು ಸುಶೀಲಕ್ಕ ಯಾರಿಂದಲೋ ನಂಬರು ಪಡೆದು ಫೋನ್ ಮಾಡಿದರು. "ಪಪ್ಪಾಗ ಕನ್ನಡಾ ಮಾತಾಡೋರು ಬೇಕವಾ. ಮಂಡೇ ಟು ಫ್ರೈಡೇ, ಐದೂವರಿ ತನಕ. ಅಡಗಿ ಏನು ದೊಡ್ಡದಿಲ್ಲ. ಅವ್ರಿಗೆ ಬೀಫ್ ಮತ್ತ ಬಟಾಟಿ ಬಿಟ್ಟು ಬ್ಯಾರೆ ಏನೂ ಸೇರಂಗಿಲ್ಲ. ಮುಂಜಾನೆ ಸ್ಲೋ ಕುಕ್ಕರಿನಾಗ ಹಾಕಿದ್ರ ಆತು."

ಧಾರವಾಡದ ನಮ್ಮ ಮನೆಯಲ್ಲಿ ಮೊಟ್ಟೆಯೂ ಹೊಸ್ತಿಲು ದಾಟಿದ್ದಿಲ್ಲ. ಆದರೆ ಕೆಲಸ ಕೈತಪ್ಪೀತೆಂಬ ಹೆದರಿಕೆಗೆ "ಆತ್ರಿ ಅಕ್ಕಾ" ಎಂದುಬಿಟ್ಟೆ.

ಮೊದಲ ದಿನ ಎರಡು ಜೊತೆ ಗ್ಲೋವ್ಸು ಒಂದರ ಮೇಲೊಂದು ಹಾಕಿಕೊಂಡು ಆ ಮಾಂಸದ ಪೊಟ್ಟಣ ಬಿಚ್ಚಿದೆ. ಕಾಕಾ ಟೇಬಲ್ಲಿನ ಪಕ್ಕ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು.

"ಯವ್ವಾ, ಅದು ಕಚ್ಚಂಗಿಲ್ಲ," ಎಂದರು. "ನೀ ತಿನ್ನೂದು ಬ್ಯಾಡ, ರುಚಿ ನೋಡೂದೂ ಬ್ಯಾಡ. ನಾ ಹೇಳಿದಂಗ ಮಾಡು ಸಾಕು. ವರ್ಕ್‌ಶಾಪಿನಾಗ ಎಷ್ಟ ಮಂದಿ ನಿಮ್ಮಂಥಾವ್ರ ಜೋಡಿ ಕುಂತು ಡಬ್ಬಿ ಬಿಚ್ಚೀನಿ. ಯಾರ ಡಬ್ಬಿ ಯಾರಿಗೂ ಹತ್ತಲಿಲ್ಲ."

ಹಾಗೆ ಹೇಳಿಸಿಕೊಂಡು ಕಲಿತೆ. ಮಾಂಸದ ತುಂಡುಗಳನ್ನು ಬಾಣಲೆಯಲ್ಲಿ ಕೆಂಪಗೆ ಹುರಿಯುವುದು, ಉಳ್ಳಾಗಡ್ಡಿ, ಹಸಿಶುಂಠಿ, ಬೆಳ್ಳುಳ್ಳಿ, ಜಜ್ಜಿದ ಮೆಣಸಿನಕಾಳು. ಆಲೂಗಡ್ಡೆ ಮಾತ್ರ ತಳಕ್ಕೇ ಹೋಗಬೇಕು. "ಬಟಾಟಿ ಮೊಂಡ ಜಾತಿ. ಮೊಂಡರನ್ನ ಉರಿ ಹತ್ರನ ಕೂಡಸಬೇಕು." ಉಪ್ಪು ಎರಡು ಚಮಚ, ಚಾಕುವಿನ ಬೆನ್ನಿನಿಂದ ಸಪಾಟು ಮಾಡಿ. ಆ ಸಪಾಟನ್ನು ಕನ್ನಡಕ ಏರಿಸಿ ಪರೀಕ್ಷಿಸಿದ ಮೇಲೆಯೇ ಹಾಕಲು ಅಪ್ಪಣೆ. ನಾಲ್ಕು ಗಂಟೆಗೆ ಊಟ. ಮೊದಲ ತುತ್ತು ಬಾಯಿಗಿಟ್ಟು, ಛಾವಣಿ ನೋಡಿ, ದಿನವೂ ಒಂದೇ ತೀರ್ಪು: "ಭಾರಿ ಆಗೇತಿ. ಉಪ್ಪು ಒಂದು ಹರಳು ಕಮ್ಮಿ, ಅಷ್ಟ."

ಅವರ ಎದುರಿಗೇ ಕೂತು ನಾನು ನನ್ನ ಡಬ್ಬಿಯ ರೊಟ್ಟಿ ಪಲ್ಯ ತಿನ್ನುತ್ತಿದ್ದೆ. ಐದಕ್ಕೆ ಸುಶೀಲಕ್ಕ ಬಂದು, ಕೋಟು ಕೂಡ ಬಿಚ್ಚದೆ ನಿಂತಲ್ಲೇ ಒಂದು ಚಮಚ ಬಾಯಿಗೆ ಹಾಕಿಕೊಳ್ಳುವರು. ಆಗ ನಾವಿಬ್ಬರೂ ಪರೀಕ್ಷೆಯ ರಿಸಲ್ಟಿಗೆ ಕಾಯುವವರಂತೆ ಅವರ ಬಾಯಿ ನೋಡುತ್ತಿದ್ದೆವು.

ಫ್ರಿಜ್ಜಿನ ಮೇಲೆ ಒಂದು ಕ್ಯಾಲೆಂಡರ್ ಇತ್ತು. ಪ್ರತಿ ಭಾನುವಾರ ಸುಶೀಲಕ್ಕ ಅಪ್ಪನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಬಂದ ಅಂಕಿಯನ್ನು ಕೆಂಪು ಪೆನ್ನಿನಲ್ಲಿ ಅದರ ಮೇಲೆ ಬರೆಯುತ್ತಿದ್ದರು. ಹಿಂದಿನ ಚಳಿಗಾಲದಲ್ಲಿ ಕೆಟ್ಟ ಜ್ವರ ಬಂದು ಕಾಕಾ ಕಡ್ಡಿಯಾಗಿದ್ದರು. ತೂಕ ಇನ್ನೂ ಇಳಿದರೆ ಮನೆಯಲ್ಲಿಟ್ಟುಕೊಳ್ಳುವುದು ಸರಿಯಲ್ಲ ಎಂದು ಡಾಕ್ಟರು ಹೇಳಿದ್ದರು. ನರ್ಸಿಂಗ್ ಹೋಮಿನ ಪಟ್ಟಿಯಲ್ಲಿ ಹೆಸರು ಆಗಲೇ ಸೇರಿತ್ತು. ಕಾಕಾ ಆ ಹೋಮಿನ ಹೆಸರೆತ್ತುತ್ತಿರಲಿಲ್ಲ, "ಅಲ್ಲಿ" ಎನ್ನುತ್ತಿದ್ದರು. "ಅಲ್ಲಿ ಹಾಕಿದ್ರ ನಾ ಒಂದು ವಾರ ಬದುಕಂಗಿಲ್ಲ, ತಿಳೀತಾ?" ಸೋಮವಾರ ಬೆಳಿಗ್ಗೆ ಬೂಟು ಬಿಚ್ಚುವ ಮೊದಲೇ ನನ್ನ ಕಣ್ಣು ಕ್ಯಾಲೆಂಡರಿಗೆ ಹೋಗುತ್ತಿತ್ತು. ತೂಕ ಇಳಿದಿರುತ್ತಿರಲಿಲ್ಲ. ನಾಲ್ಕೇ ತುತ್ತು ತಿನ್ನುವವರ ತೂಕ ಹೇಗೆ ನಿಂತಿದೆಯೆಂದು ಆಶ್ಚರ್ಯ. ಒಂದು ದಿನ ಅವರೇ ಸ್ವೆಟರಿನ ಒಳಜೇಬು ತೋರಿಸಿದರು. ಮೊಳಕೈಯುದ್ದದ ಒಂದು ಸ್ಪ್ಯಾನರು! "ಭಾನುವಾರಕ್ಕೊಮ್ಮೆ ಇವಂಗ ಡ್ಯೂಟಿ," ಎಂದು ಕಣ್ಣು ಮಿಟುಕಿಸಿದರು. ನಾನು ನಕ್ಕೆ. ನಕ್ಕಾದ ಮೇಲೆ ಕ್ಯಾಲೆಂಡರಿನ ಕಡೆ ತಿರುಗಿದೆ. ಹಾಗಾದರೆ ನಿಜವಾದ ತೂಕ ಎಷ್ಟು?

ಜನವರಿಯ ಒಂದು ಬೆಳಿಗ್ಗೆ ಸಕ್ಕರೆ ಡಬ್ಬಿ ತೆಗೆಯುವಾಗ ಅದರ ಹಿಂದೆ ಒಂದು ಸಾಸರು ಕಂಡಿತು. ಸಾಸರಿನಲ್ಲಿ ಎರಡು ಚಮಚ ಉಪ್ಪು. ನಿನ್ನೆ ಅಳೆದು ಇಟ್ಟವಳು, ಹಾಕುವುದನ್ನೇ ಮರೆತಿದ್ದೆ. ನಿನ್ನೆಯ ಊಟಕ್ಕೆ ಉಪ್ಪೇ ಇರಲಿಲ್ಲ. ಆದರೂ ಕಾಕಾ ಛಾವಣಿ ನೋಡಿ "ಒಂದು ಹರಳು ಕಮ್ಮಿ" ಎಂದೇ ಹೇಳಿದ್ದರು. ಸುಶೀಲಕ್ಕ ಕೂಡ ಚಮಚ ನೆಕ್ಕಿ "ಚಲೋ ಆಗೇತಿ ಶೈಲಾ" ಎಂದಿದ್ದರು. ಅಕ್ಕ ದಣಿದು ಬಂದಿದ್ದರು, ಗಮನವಿರಲಿಲ್ಲ ಎಂದುಕೊಂಡೆ. ಕಾಕಾ?

ಸಾಸರನ್ನು ತಂದು ಅವರ ಮುಂದಿಟ್ಟೆ.

"ಆ ಜ್ವರಾ ಬಂತಲ್ಲ, ಅವತ್ತಿನಿಂದ ನಾಲಿಗಿ ರಜಾ ಹಾಕೇತಿ," ಎಂದರು. "ಮೂಗೂ ಅದರ ಬೆನ್ನ ಹತ್ತಿ ಹೋತು. ಬಾಯಾಗ ಇಟ್ಟಿದ್ದು ಮಾಂಸೋ ಅರಿವಿ ಚಿಂದಿಯೋ ಗೊತ್ತಾಗಂಗಿಲ್ಲ. ಸುಶೀಲಾಗ ಹೇಳಬ್ಯಾಡವಾ. ಊಟದ ಮ್ಯಾಲ ಆಸೆ ಹೋಗೇತಿ ಅಂತ ತಿಳದ್ರ ನನ್ನ 'ಅಲ್ಲಿ' ಕಳಸ್ತಾಳ."

ರುಚಿ ನೋಡದ ಅಡುಗೆಯವಳು, ರುಚಿ ಗೊತ್ತಾಗದ ಊಟದವರು. ಇಷ್ಟು ದಿನ ನಾವಿಬ್ಬರೂ ಸೇರಿ ಏನು ಬೇಯಿಸಿದೆವೋ! ನಗು ಬರಬೇಕಿತ್ತು, ಬರಲಿಲ್ಲ. ಇದನ್ನು ಮಗಳಿಗೆ ಹೇಳುವುದು ನನ್ನ ಕರ್ತವ್ಯ. ಕೋರ್ಸಿನಲ್ಲಿ ಅದನ್ನೇ ಹೇಳಿಕೊಟ್ಟಿದ್ದರು. ಹೇಳಿದರೆ ಮುದುಕನನ್ನು ನಾನೇ ಕೈಯಾರೆ ಹೊರಗೆ ಹಾಕಿದಂತೆ. ಹೇಳದೆ ಇವರಿಗೇನಾದರೂ ಆದರೆ? ಸಂಜೆ ನೋಟ್‌ಬುಕ್ಕಿನಲ್ಲಿ "ಚೆನ್ನಾಗಿ ಊಟ ಮಾಡಿದರು" ಎಂದು ಬರೆಯುವಾಗ ಅಕ್ಷರಗಳು ಸೊಟ್ಟಗಾಗುತ್ತಿದ್ದವು. ಬಸ್ಸಿನಲ್ಲಿ ಸ್ಟಾಪು ಬಿಟ್ಟು ಮುಂದೆ ಹೋಗುತ್ತಿದ್ದೆ.

ಫೆಬ್ರುವರಿಯಲ್ಲಿ ಕೇರ್ ಕೋಆರ್ಡಿನೇಟರ್ ಬರುತ್ತಾರೆಂದು ತಿಳಿಯಿತು. ಮನೆಯಲ್ಲೇ ಇರಬಹುದೋ ಬಾರದೋ ಎಂದು ನೋಡಿ ಬರೆಯುವವರು. ಮೂರು ಗಂಟೆಗೆ. ಕಾಕಾ ತೀರ್ಮಾನಿಸಿಬಿಟ್ಟರು: "ಆಕಿ ಮುಂದ ಕುಂತು ಒಂದು ತಾಟು ಪೂರ್ತಿ ಉಣ್ತೀನಿ. ಕಾಗದದಾಗ ಬರೀಲಿ."

ಆ ದಿನವೇ ಹಿಮ ಬಿದ್ದು ಬಸ್ಸು ತಡವಾಯಿತು. ಒಂಬತ್ತಕ್ಕೆ ಕುಕ್ಕರ್ ಹಚ್ಚಿ, ಕಾಕಾಗೆ ಚಳಿಯೆಂದು ಹೀಟರೂ ಹಚ್ಚಿದೆ. ಗಡ್ಡ, ಸ್ನಾನ, ಇಸ್ತ್ರಿಯ ಅಂಗಿ ಎನ್ನುವುದರಲ್ಲಿ ಹತ್ತರ ಪರೀಕ್ಷೆ ಮರೆತೇಹೋಯಿತು. ಹನ್ನೊಂದಕ್ಕೆ ಕಾಕಾ ಸ್ಕ್ರೂಡ್ರೈವರ್ ಇಟ್ಟು ಕೇಳಿದರು. ಮತ್ತೆ ಕೇಳಿದರು.

"ಸಪ್ಪಳಾನ ಇಲ್ಲ."

ಎರಡೂ ಒಟ್ಟಿಗೆ ಹಚ್ಚಿದ್ದಕ್ಕೆ ಆ ಕಡೆಯ ಕರೆಂಟೇ ಟ್ರಿಪ್ ಆಗಿತ್ತು. ಅವರು ಮೆಟ್ಟಿಲ ಮೇಲಿಂದ ಹೇಳಿದಂತೆ ಬೇಸ್‌ಮೆಂಟಿಗಿಳಿದು ಸ್ವಿಚ್ಚು ಎತ್ತಿ ಬಂದೆ, ಕುಕ್ಕರನ್ನು ಜೋರು ಶಾಖದ 'ಹೈ'ಗೆ ತಿರುಗಿಸಿದೆ. ಸುಮ್ಮನಿದ್ದಿದ್ದರೆ ಮೂರಕ್ಕೆ ಬೇಯುತ್ತಿತ್ತೇನೋ. ನನ್ನ ಕೈ ಸುಮ್ಮನಿರಬೇಕಲ್ಲ! ಏಳು ಸಲ ಮುಚ್ಚಳ ತೆಗೆದೆ.

"ತೆಗದಷ್ಟು ಸಲಾ ಅರ್ಧಾ ತಾಸು ಹೋತು," ಎಂದರು ಕಾಕಾ. ಬೈಯಲಿಲ್ಲ. ಉಪ್ಪಾದರೂ ಸರಿಯಾಗಿದೆಯೋ ಎಂಬ ದಿಗಿಲಿನಲ್ಲಿ ನಾನು ಚಮಚದಲ್ಲಿ ಸಾರು ತೆಗೆದು ಬಾಯಿಯ ಹತ್ತಿರ ತಂದೇಬಿಟ್ಟಿದ್ದೆ. ಕಾಕಾ ನನ್ನ ಮಣಿಕಟ್ಟು ಹಿಡಿದರು.

"ಬ್ಯಾಡ. ಮನಸ್ಸಾಗಿ ತಿಂದ್ರ ತಿನ್ನು. ನಮ್ಮ ಮನಿಯಾಗ ಯಾರೂ ಹೆದರಿ ತಿನ್ನಬಾರದು."

ಮೂರಕ್ಕೆ ಸರಿಯಾಗಿ ಕೋಆರ್ಡಿನೇಟರ್ ಬಂದರು, ಸುಶೀಲಕ್ಕನೂ ಅರ್ಧ ದಿನ ರಜೆ ಹಾಕಿ ಬಂದರು. ಬಡಿಸುವಾಗ ಆಲೂಗಡ್ಡೆಗೆ ಚಮಚ ಇಳಿಯಲಿಲ್ಲ. ಕಾಕಾ ಕಟ್ಟಿಸಿಕೊಂಡ ಹಲ್ಲಿನಲ್ಲಿ ಅದನ್ನು ಕಟಕಟ ಅಗಿಯತೊಡಗಿದರು. ಗಂಟಲಿಗೆ ಸಿಕ್ಕರೆ? ನಾನು ಹೋಗಿ ಅವರ ಕುರ್ಚಿಯ ಹಿಂದೆ ನಿಂತೆ.

ಊಟ ರುಚಿಸುತ್ತದೆಯೇ ಎಂದು ಆಕೆ ಕೇಳಿದರು. ಕಾಕಾ ತಮ್ಮ ರೇಲ್ವೆ ಇಂಗ್ಲಿಷಿನಲ್ಲಿ ಶುರುಮಾಡಿದರು. ಮೊದಲು ಮೆಣಸಿನ ಖಾರ ನಾಲಿಗೆಯ ತುದಿಗೆ ಬರುತ್ತದೆ, ಆಮೇಲೆ ವಿನಿಗರಿನ ಹುಳಿ, ನುಂಗಿದ ಮೇಲೆ ಎಷ್ಟೋ ಹೊತ್ತಿಗೆ ಲವಂಗ, ಆಲೂಗಡ್ಡೆ ಬೆಣ್ಣೆಯ ಹಾಗೆ ಕರಗುತ್ತದೆ ಎಂದೆಲ್ಲ. ಆಕೆ ಖುಷಿಯಾಗಿ ಬರೆದುಕೊಂಡರು. ಆ ದಿನದ ಕುಕ್ಕರಿನಲ್ಲಿ ಲವಂಗವಿರಲಿಲ್ಲ, ವಿನಿಗರಿರಲಿಲ್ಲ. ಅವರು ಹೇಳುತ್ತಿದ್ದದ್ದು ತೀರಿಹೋದ ಹೆಂಡತಿ ಮರಿಯವ್ವನ ಕೈಯ ಅಡುಗೆ, ಹುಬ್ಬಳ್ಳಿಯ ರೇಲ್ವೆ ಕ್ವಾರ್ಟರ್ಸಿನದು. ಬಾಗಿಲಲ್ಲಿ ನಿಂತಿದ್ದ ಸುಶೀಲಕ್ಕ ಸರ್ರನೆ ಒಳಗೆ ಹೋದರು.

ಅಷ್ಟರಲ್ಲಿ ಕಾಕಾ ಕೆಮ್ಮಿದರು. ಮುಖ ಕೆಂಪೇರಿತು. ಆಕೆಯ ಪೆನ್ನು ನಿಂತಿತು. ನಾನು ಬೆನ್ನಿನ ಮೇಲೆ ಕೈಯಿಟ್ಟು ಬಡಿದೆ, ಬಡಿದೆ. "ಟೂ ಮಚ್ ಪೆಪ್ಪರ್," ಎಂದು ಉಸಿರು ಎಳೆದುಕೊಂಡು, ನೀರು ಕುಡಿದು, ಕಾಕಾ ಮತ್ತೆ ಚಮಚ ಎತ್ತಿದರು. ತಾಟು ಖಾಲಿ ಮಾಡಿದರು. ಮನೆಯಲ್ಲೇ ಇರಬಹುದೆಂದು ಕಾಗದ ಬಂತು.

ಗೆದ್ದೆವು ಎಂದುಕೊಂಡೆ. ಆ ಭಾನುವಾರ ನನ್ನನ್ನೂ ಬರಹೇಳಿದರು ಕಾಕಾ. ತೂಕದ ಯಂತ್ರದ ಮುಂದೆ ನಿಂತು, ಒಳಜೇಬಿನಿಂದ ಸ್ಪ್ಯಾನರ್ ತೆಗೆದು ಮಗಳ ಕೈಗೆ ಕೊಟ್ಟರು. ಸ್ಕ್ರೂಡ್ರೈವರನ್ನೂ ಕೊಟ್ಟರು. "ಈಗ ಬರಿ, ಖರೇ ತೂಕಾ," ಎಂದರು.

ಸುಶೀಲಕ್ಕನಿಗೆ ಬರೆಯಲಾಗಲಿಲ್ಲ. "ಪಪ್ಪಾ, ಪ್ಲೀಸ್, ಯಾಕ ಹಿಂಗ..."

ಕಾಕಾ ನನ್ನ ಕಡೆ ತಿರುಗಿದರು. "ಅವತ್ತು ನನ್ನ ಬೆನ್ನ ಮ್ಯಾಲ ನಿನ್ನ ಕೈ ಇತ್ತಲ್ಲ ಯವ್ವಾ, ಗಡಗಡ ನಡಗಾಕತ್ತಿತ್ತು. ಮಷೀನು ಹಂಗ ನಡಗಿದ್ರ ನಾವು ಬಂದ್ ಮಾಡತಿದ್ವಿ. ನನ್ನ ಸಲುವಾಗಿ ನೀವಿಬ್ಬರೂ ಎಷ್ಟು ದಿನಾ ನಡಗತೀರಿ? ಸುಶೀಲಾ, ಹಚ್ಚು 'ಅಲ್ಲಿ'ಗೆ ಫೋನು."

ನಾನು ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಏಪ್ರಿಲಿನಲ್ಲಿ ಜಾಗ ಸಿಕ್ಕಿದ್ದು ದೂರದ ಒಶಾವಾ ಊರಿನ ಹೋಮಿನಲ್ಲಿ. ಒಂದು ವಾರ ಬದುಕುವುದಿಲ್ಲ ಎಂದವರು ಆರು ತಿಂಗಳು ಇದ್ದರು. ನನಗೆ ಬೇರೆ ಕೆಲಸವಾಗಿತ್ತು. ಎರಡೇ ಸಲ ಹೋಗಲು ಸಾಧ್ಯವಾಯಿತು. ಕೊನೆಯ ಸಲ ಹೋದಾಗ ಅವರ ಮುಂದೆ ನುಣ್ಣಗೆ ಅರೆದ ಏನೋ ಊಟ ಇತ್ತು. ಹೇಗಿದೆ ಕಾಕಾ ಎಂದೆ. ಛಾವಣಿ ನೋಡಿದರು. "ಒಂದು ಹರಳು ಕಮ್ಮಿ," ಎಂದು ಕನ್ನಡದಲ್ಲಿ ಹೇಳಿ, ಅದನ್ನೇ ಅಲ್ಲಿಯ ಹುಡುಗಿಗೆ ಇಂಗ್ಲಿಷಿನಲ್ಲಿ ಹೇಳಿದರು. ಪಾಪ, ಅವಳು ನಂಬಿ ಓಡಿಹೋಗಿ ಉಪ್ಪಿನ ಚಿಕ್ಕ ಪೊಟ್ಟಣ ತಂದಳು. ಕಾಕಾ ನನಗೆ ಕಣ್ಣು ಮಿಟುಕಿಸಿ, ಗಂಭೀರವಾಗಿ ಅದನ್ನು ಹರಿದು ಹಾಕಿಕೊಂಡರು.

ಅವರ ಮಣ್ಣಾದ ಮೇಲೆ ಒಂದು ಶನಿವಾರ ಸುಶೀಲಕ್ಕ ಊಟಕ್ಕೆ ಕರೆದರು. ಕ್ಯಾಲೆಂಡರ್ ಇದ್ದ ಜಾಗ ಖಾಲಿಯಿತ್ತು. "ಹೆದರಬ್ಯಾಡ, ಬೀಫ್ ಹಾಕಿಲ್ಲ. ನಿನ್ನ ಸಲುವಾಗಿ ಬರೇ ಬಟಾಟಿ, ಅವರಿಕಾಳು," ಎಂದು ಅದೇ ಸ್ಲೋ ಕುಕ್ಕರಿನ ಮುಚ್ಚಳ ತೆಗೆದರು. ಆ ಅಡುಗೆಮನೆಯಲ್ಲಿ, ಆ ಪಾತ್ರೆಯಿಂದ ನಾನು ತಿಂದ ಮೊದಲ ತುತ್ತು ಅದು. ಆಲೂಗಡ್ಡೆ ಬೆಣ್ಣೆಯಾಗಿತ್ತು. ಉಪ್ಪು ಮಾತ್ರ ಇರಲೇ ಇಲ್ಲ. ಅಕ್ಕ ಮರೆತಿದ್ದರು.

"ಚಲೋ ಆಗೇತಿ ಅಕ್ಕಾ," ಎಂದೆ.

ಅವರು ತಾವೂ ಒಂದು ಚಮಚ ಬಾಯಿಗಿಟ್ಟುಕೊಂಡು ತಡೆದರು. ನನ್ನ ಮುಖ ನೋಡಿದರು. "ಜನವರಿಯಾಗ ಒಂದಿನ ನೀನೂ ಹಿಂಗ ಉಪ್ಪು ಮರತಿದ್ದಿ," ಎಂದರು. "ಪಪ್ಪಾ ಅದನ್ನ ತಿಂದು ಚಲೋ ಐತಿ ಅಂತ ಕುಂತಿದ್ರು. ನನಗ ಅವತ್ತ ತಿಳೀತು ಶೈಲಾ, ಅವ್ರಿಗೆ ರುಚಿ ಹೋಗೇತಿ ಅಂತ. ನಾ ಬಾಯಿ ಬಿಟ್ಟಿದ್ರ ಅವ್ರನ್ನ ಕಳಸಬೇಕಾಗ್ತಿತ್ತು. ಸುಮ್ಮನ ನುಂಗಿದೆ."

ನನ್ನ ತಾಟಿಗೆ ಇನ್ನೊಂದು ಚಮಚ ಬಡಿಸಿದರು.

"ಖರೇ ಹೇಳು, ಹೆಂಗಾಗೇತಿ?" ಎಂದರು ಅಕ್ಕ.

ನಾನು ಛಾವಣಿ ನೋಡಿದೆ. "ಭಾರಿ ಆಗೇತಿ. ಒಂದು ಹರಳು ಕಮ್ಮಿ, ಅಷ್ಟ."

ಉಪ್ಪಿನ ಡಬ್ಬಿ ಕೈಗೆಟಕುವಷ್ಟು ಹತ್ತಿರ ಇತ್ತು. ಇಬ್ಬರೂ ಮುಟ್ಟಲಿಲ್ಲ.